ವೈದ್ಯರ ಸಿ.ಎಂ.ಇ.ಗೆ ಔಷಧ ಕಂಪನಿಯ ದುಡ್ಡು: ಲೆಕ್ಕ ಕೇಳುವ ಹಕ್ಕು ನಮಗಿದೆ

ಪದವಿ ಪಡೆದ ಮೇಲೂ ವೈದ್ಯರ ಓದು ಮುಗಿಯುವುದಿಲ್ಲ. ಕರ್ನಾಟಕ ವೈದ್ಯಕೀಯ ಪರಿಷತ್ತಿನಲ್ಲಿ ನೋಂದಣಿ ನವೀಕರಿಸಬೇಕಾದರೆ 5 ವರ್ಷಗಳಲ್ಲಿ 30 ಕ್ರೆಡಿಟ್ ಗಂಟೆ ಗಳಿಸಿರಬೇಕು. ಅದನ್ನು ಕೊಡುವ ಉಪನ್ಯಾಸ, ಕಾರ್ಯಾಗಾರಗಳಿಗೆ ವೈದ್ಯರ ವಲಯದಲ್ಲಿ ಸಿ.ಎಂ.ಇ. ಎನ್ನುತ್ತಾರೆ, ಅಂದರೆ ನಿರಂತರ ವೈದ್ಯಕೀಯ ಶಿಕ್ಷಣ. ಎರಡು ದೊಡ್ಡ ವೈದ್ಯಕೀಯ ಕಾಲೇಜುಗಳಿರುವ ಮೈಸೂರಿನಲ್ಲಿ ಇವು ಆಗಾಗ ನಡೆಯುತ್ತವೆ. ಸಭಾಂಗಣದ ಬಾಡಿಗೆ, ಊಟ, ಉಪನ್ಯಾಸಕರ ಪ್ರಯಾಣಕ್ಕೆಲ್ಲ ಖರ್ಚಿದೆ. ಅದರ ಒಂದು ಭಾಗವನ್ನು ಹಲವೆಡೆ ಭರಿಸುವುದು ಹೊರಗೆ ಸ್ಟಾಲ್ ಹಾಕಿಕೊಂಡ ಔಷಧ ಕಂಪನಿ.

ಇದು ವೈದ್ಯರು ಮತ್ತು ಕಂಪನಿಗಳ ಒಳವ್ಯವಹಾರ, ನಮಗೇಕೆ ಎಂದು ರೋಗಿಗಳು ಸುಮ್ಮನಿರುತ್ತಾರೆ. ಸುಪ್ರೀಂ ಕೋರ್ಟ್ ಹಾಗೆ ನೋಡಲಿಲ್ಲ. 2022ರ ಫೆಬ್ರುವರಿ 22ರಂದು ಅಪೆಕ್ಸ್ ಲ್ಯಾಬೊರೇಟರೀಸ್ ಪ್ರಕರಣದಲ್ಲಿ ನ್ಯಾಯಮೂರ್ತಿಗಳಾದ ಯು.ಯು. ಲಲಿತ್ ಮತ್ತು ಎಸ್. ರವೀಂದ್ರ ಭಟ್ ಅವರ ಪೀಠ, ವೈದ್ಯರಿಗೆ ಕೊಟ್ಟ ಉಡುಗೊರೆಯ ವೆಚ್ಚ ಔಷಧಿಯ ಬೆಲೆಯೊಳಗೆ ಸೇರಿ ಕೊನೆಗೆ ರೋಗಿಯ ತಲೆಯ ಮೇಲೇ ಬೀಳುತ್ತದೆ ಎಂದು ಸ್ಪಷ್ಟವಾಗಿ ಹೇಳಿತು. ಅಂಥ ಖರ್ಚನ್ನು ತೋರಿಸಿ ಕಂಪನಿ ಆದಾಯ ತೆರಿಗೆ ವಿನಾಯಿತಿ ಕೇಳುವಂತಿಲ್ಲ ಎಂಬುದು ತೀರ್ಪು.

ವೈದ್ಯರನ್ನು ಕಟ್ಟಿಹಾಕುವ ನಿಯಮ 2002ರ ವೃತ್ತಿ ನಡತೆ ನಿಯಮಾವಳಿ. 2009ರ ಡಿಸೆಂಬರ್‌ನಲ್ಲಿ ಅದಕ್ಕೆ ಸೇರಿದ 6.8ನೇ ಕಲಮಿನ ಪ್ರಕಾರ ವೈದ್ಯರು ಕಂಪನಿಯಿಂದ ಉಡುಗೊರೆ, ನಗದು, ಹೋಟೆಲ್ ವಾಸ ಪಡೆಯುವಂತಿಲ್ಲ. ಪ್ರತಿನಿಧಿಯಾಗಿ ಸಿ.ಎಂ.ಇ.ಗೆ ಹೋಗಲು ರೈಲು, ವಿಮಾನದ ಟಿಕೆಟ್ ಕೂಡ ತೆಗೆದುಕೊಳ್ಳುವಂತಿಲ್ಲ. 2016ರಲ್ಲಿ ಶಿಕ್ಷೆಯ ಪ್ರಮಾಣವೂ ನಿಗದಿಯಾಯಿತು. ಪಡೆದದ್ದು 1,000 ರೂಪಾಯಿ ಮೀರಿ 5,000ದೊಳಗಿದ್ದರೆ ಛೀಮಾರಿ, 10,000ದವರೆಗೆ 3 ತಿಂಗಳು ನೋಂದಣಿ ಪಟ್ಟಿಯಿಂದ ಹೊರಗೆ, 50,000ದವರೆಗೆ 6 ತಿಂಗಳು, ಲಕ್ಷದವರೆಗೆ 1 ವರ್ಷ, ಲಕ್ಷ ದಾಟಿದರೆ ಅದಕ್ಕೂ ಹೆಚ್ಚು.

ಅದೇ 2016ರ ತಿದ್ದುಪಡಿ ಒಂದು ಅನ್ಯಾಯವನ್ನೂ ಮಾಡಿತು. 6.8ನೇ ಕಲಮಿನಿಂದ ‘ವೈದ್ಯರ ಸಂಘಗಳು’ ಎಂಬ ಮಾತನ್ನು ತೆಗೆದುಹಾಕಿತು. ಒಬ್ಬ ವೈದ್ಯ ಪಡೆದರೆ ತಪ್ಪಾಗುವ ಹಣ, ಅದೇ ವೈದ್ಯರು ಸೇರಿ ಕಟ್ಟಿದ ಸಂಘ ಪಡೆದಾಗ ಕಲಮಿನ ಹೊರಗೆ ಉಳಿಯುವುದು ನನಗೆ ಒಪ್ಪಿಗೆಯಾಗುವುದಿಲ್ಲ. 2023ರ ಆಗಸ್ಟ್ 2ರಂದು ರಾಷ್ಟ್ರೀಯ ವೈದ್ಯಕೀಯ ಆಯೋಗ ಕಂಪನಿ ಪ್ರಾಯೋಜಿತ ಕಾರ್ಯಕ್ರಮಗಳಿಂದ ವೈದ್ಯರು ಪೂರ್ತಿ ದೂರವಿರಬೇಕೆಂಬ ಹೊಸ ನಿಯಮ ತಂದಿತ್ತು. ಮೂರೇ ವಾರದಲ್ಲಿ, ಆಗಸ್ಟ್ 23ರಂದು, ಅದನ್ನು ತಡೆಹಿಡಿದು ಹಳೆಯ ನಿಯಮಾವಳಿಗೇ ಮರಳಿತು.

ಕಂಪನಿಗಳ ಕಡೆಗೆ ಇರುವುದು 2024ರ ಮಾರ್ಚ್ 12ರಂದು ಕೇಂದ್ರ ಔಷಧ ಇಲಾಖೆ ಹೊರಡಿಸಿದ ಏಕರೂಪ ಮಾರಾಟ ಸಂಹಿತೆ, ಯು.ಸಿ.ಪಿ.ಎಂ.ಪಿ. ಅದರಂತೆ ಕಂಪನಿ ವೈದ್ಯಕೀಯ ಕಾಲೇಜು, ಆಸ್ಪತ್ರೆ, ವೈದ್ಯರ ಸಂಘಗಳ ಸಿ.ಎಂ.ಇ.ಗೆ ನೆರವಾಗಬಹುದು, ವಿದೇಶದಲ್ಲಿ ಮಾತ್ರ ನಡೆಸುವಂತಿಲ್ಲ. ಪ್ರಯಾಣ, ವಸತಿ ಸಿಗುವುದು ಉಪನ್ಯಾಸಕರಿಗೆ; ಕೇಳಲು ಬಂದವರಿಗೂ ಅವರ ಕುಟುಂಬದವರಿಗೂ ಇಲ್ಲ. ಎಲ್ಲಕ್ಕಿಂತ ಮುಖ್ಯ, ಯಾವ ಕಾರ್ಯಕ್ರಮಕ್ಕೆ ಎಷ್ಟು ಖರ್ಚಾಯಿತೆಂದು ಕಂಪನಿ ತನ್ನ ಜಾಲತಾಣದಲ್ಲಿ ಪ್ರಕಟಿಸಬೇಕು. ನಾಗರಿಕರ ಹಿಡಿತಕ್ಕೆ ಸಿಗುವ ಎಳೆ ಇದೇ. ಹಣ ಕೊಟ್ಟದ್ದು ತಾನಾಗಿಯೇ ಅಪರಾಧವಲ್ಲ. ಅದು ವೈದ್ಯರ ಜೇಬಿಗೆ ಇಳಿದರೆ ಅಥವಾ ಲೆಕ್ಕ ಮುಚ್ಚಿಟ್ಟರೆ ಪ್ರಶ್ನಿಸಬಹುದು.

ಕಾರ್ಯಕ್ರಮ ಮೈಸೂರು ವೈದ್ಯಕೀಯ ಕಾಲೇಜಿನಂಥ ಸರ್ಕಾರಿ ಸಂಸ್ಥೆಯಲ್ಲಿ ನಡೆದಿದ್ದರೆ ಮಾಹಿತಿ ಹಕ್ಕು ಅರ್ಜಿ ಹಾಕಿ. ಆ ಕಾಲೇಜಿಗೆ ಸೇರಿದ ಕೆ.ಆರ್. ಆಸ್ಪತ್ರೆಗೆ ಮಂಡ್ಯ, ಚಾಮರಾಜನಗರ, ಕೊಡಗಿನ ಬಡವರೂ ಬರುತ್ತಾರೆ. ಅಲ್ಲಿ ಬರೆಯುವ ಚೀಟಿಯ ಮೇಲೆ ಯಾರ ಪ್ರಭಾವವೂ ಇರಬಾರದು. ನಮೂನೆ ‘ಎ’ಯಲ್ಲಿ, ಒಂದೇ ವಿಷಯದ ಬಗ್ಗೆ, 150 ಪದ ಮೀರದಂತೆ ಬರೆದು 10 ರೂಪಾಯಿ ಪೋಸ್ಟಲ್ ಆರ್ಡರ್ ಲಗತ್ತಿಸಿದರೆ ಸಾಕು. ಬಿ.ಪಿ.ಎಲ್. ಕಾರ್ಡಿನವರಿಗೆ ಶುಲ್ಕವಿಲ್ಲ. ‘ಕಂಪನಿಗಳಿಂದ ಹಣ ಬಂದಿದೆಯೇ’ ಎಂದು ತೇಲಿಸಿ ಕೇಳಬೇಡಿ. ವಿಭಾಗ, ದಿನಾಂಕ ನಮೂದಿಸಿ, ಪ್ರಾಯೋಜಕರ ಪಟ್ಟಿ, ಬಂದ ಮೊತ್ತ, ಜಮೆಯಾದ ಖಾತೆ, ವೆಚ್ಚದ ಬಿಲ್‌ಗಳ ಪ್ರತಿ ಕೇಳಿ. ಲೆಕ್ಕ ನೋಡಿಕೊಂಡದ್ದು ಸಂಘ, ನಮ್ಮ ಬಳಿ ಇಲ್ಲ ಎಂಬ ಉತ್ತರ ಬರಬಹುದು. ಆಗ ಸಭಾಂಗಣ ಕೊಟ್ಟ ಅನುಮತಿ ಪತ್ರದ ಪ್ರತಿ ಕೇಳಿ. 30 ದಿನಗಳಲ್ಲಿ ಉತ್ತರ ಬಾರದಿದ್ದರೆ ಮುಂದಿನ 30 ದಿನಗಳೊಳಗೆ ಮೊದಲ ಮೇಲ್ಮನವಿ, ಅಲ್ಲೂ ಆಗದಿದ್ದರೆ 90 ದಿನಗಳೊಳಗೆ ಕರ್ನಾಟಕ ಮಾಹಿತಿ ಆಯೋಗ.

ವೈದ್ಯರ ವಿರುದ್ಧ ದೂರು ಹೋಗಬೇಕಾದದ್ದು ಬೆಂಗಳೂರಿನ ಕರ್ನಾಟಕ ವೈದ್ಯಕೀಯ ಪರಿಷತ್ತಿಗೆ. ಔಷಧಿ ಚೀಟಿಯ ಮೇಲೆ ನೋಂದಣಿ ಸಂಖ್ಯೆ ಇರಲೇಬೇಕು. ಅದನ್ನು ದೂರಿನಲ್ಲಿ ಬರೆಯಿರಿ. 6 ತಿಂಗಳಲ್ಲಿ ತೀರ್ಮಾನಿಸಬೇಕೆಂದು ನಿಯಮ ಹೇಳುತ್ತದೆ. ಕಂಪನಿಯ ವಿರುದ್ಧವಾದರೆ ಅದು ಸದಸ್ಯನಾಗಿರುವ ಔಷಧ ತಯಾರಕರ ಸಂಘದ ನೀತಿ ಸಮಿತಿಗೆ, 1,000 ರೂಪಾಯಿ ಶುಲ್ಕದೊಂದಿಗೆ. ಸಮಿತಿ 90 ದಿನಗಳಲ್ಲಿ ನಿರ್ಧರಿಸಬೇಕು. ಅದರ ಮೇಲೆ ಔಷಧ ಇಲಾಖೆ ಕಾರ್ಯದರ್ಶಿಯ ಅಧ್ಯಕ್ಷತೆಯ ಉನ್ನತ ಸಮಿತಿಯಿದೆ. ಕಂಪನಿಗಳ ಸಂಘವೇ ಕಂಪನಿಯನ್ನು ವಿಚಾರಿಸುವ ಈ ಏರ್ಪಾಡು ದುರ್ಬಲ. ಸಂಹಿತೆಗೆ ಕಾಯ್ದೆಯ ಬಲವೂ ಇಲ್ಲ. ಆದರೂ ನಿಷ್ಫಲವಲ್ಲ. 30 ವೈದ್ಯರನ್ನು ಪ್ಯಾರಿಸ್, ಮೊನಾಕೊಗೆ ಕರೆದೊಯ್ದ ಆಬ್‌ವೀ ಹೆಲ್ತ್‌ಕೇರ್ ಇಂಡಿಯಾ ಕಂಪನಿಗೆ 2024ರ ಡಿಸೆಂಬರ್‌ನಲ್ಲಿ ಉನ್ನತ ಸಮಿತಿ ಛೀಮಾರಿ ಹಾಕಿ, ಆ ವೈದ್ಯರ ವಿಷಯವನ್ನು ವೈದ್ಯಕೀಯ ಆಯೋಗಕ್ಕೆ ಕಳಿಸಿತು.

ಬರೀ ಅನುಮಾನದ ಮೇಲೆ ಯಾರ ಹೆಸರನ್ನೂ ಎಳೆಯಬೇಡಿ. ಒಂದು ಕ್ಯಾಲೆಂಡರ್, ಡೈರಿ ನೋಡಿ ದೂರು ಬರೆಯುವುದೂ ಸಲ್ಲ. 1,000 ರೂಪಾಯಿಯೊಳಗಿನ ಅಂಥ ವಸ್ತುಗಳಿಗೆ ಸಂಹಿತೆಯಲ್ಲೇ ಅವಕಾಶವಿದೆ. ಪ್ರಾಯೋಜಕರ ಹೆಸರಿರುವ ಆಮಂತ್ರಣ, ಬ್ಯಾನರಿನ ಫೋಟೊ, ಟಿಕೆಟ್ ಅಥವಾ ಹೋಟೆಲ್ ಬಿಲ್ಲಿನ ಪ್ರತಿ, ಇಂಥವು ಕೈಯಲ್ಲಿರಲಿ. ಕಂಪನಿಯ ಮೇಲಿನ ದೂರನ್ನು ಘಟನೆ ನಡೆದ 6 ತಿಂಗಳೊಳಗೆ ಕೊಡಬೇಕು. ಆದ್ದರಿಂದ ದಾಖಲೆ ಸಿಕ್ಕ ಕೂಡಲೇ ಕಾರ್ಯಕ್ರಮದ ದಿನಾಂಕವನ್ನು ಅದರ ಮೇಲೆ ಬರೆದಿಟ್ಟುಕೊಳ್ಳಿ.