ಮಧ್ಯರಾತ್ರಿ ದಾಟುವ ಆಟಕ್ಕೆ ಟೈಮ್‌ಕೋಡ್ ಹೊಂದಿಸುವುದು ಹೇಗೆ?

ರಾತ್ರಿ ಒಂಬತ್ತೂವರೆಗೆ ಚೆಂಡೆ ಮೊಳಗಿದರೆ ಬಯಲಾಟಕ್ಕೆ ಮಂಗಳ ಹಾಡುವುದು ಬೆಳಗಿನ ಜಾವಕ್ಕೆ. ಮೂರು ಕ್ಯಾಮೆರಾ ಇಟ್ಟು ಇಡೀ ಆಟ ಚಿತ್ರೀಕರಿಸಿದವರ ಕೈಗೆ ಬರುವುದು ರಾಶಿ ರಾಶಿ ಭಾರೀ ಫೈಲ್‌ಗಳು. ಎಡಿಟರ್‌ಗೆ ಹಗುರ ಪ್ರತಿ, ಮೇಳದವರಿಗೆ ನೋಡಲೊಂದು ಪ್ರತಿ ಮಾಡಿಕೊಡಲು ಅವನ್ನು ಟ್ರಾನ್ಸ್‌ಕೋಡ್ ಮಾಡಲೇಬೇಕು. ಇಲ್ಲಿ ಟೈಮ್‌ಕೋಡ್ ಎಡವಿದರೂ ಪರದೆಯ ಮೇಲೆ ಬಹಳ ಸಲ ‘ಕೆಲಸ ಪೂರ್ಣ’ ಎಂದೇ ಬರುತ್ತದೆ. ತಪ್ಪು ಗೊತ್ತಾಗುವುದು ಎಡಿಟಿಂಗ್‌ಗೆ ಕುಳಿತಾಗ.

ಟೈಮ್‌ಕೋಡ್ ಎಂದರೆ ಪ್ರತಿ ಫ್ರೇಮಿಗೂ ಅಂಟಿಸಿದ ವಿಳಾಸ: ಗಂಟೆ, ನಿಮಿಷ, ಸೆಕೆಂಡ್, ಫ್ರೇಮ್. ಸೆಕೆಂಡಿಗೆ 25 ಫ್ರೇಮ್ ಇದ್ದರೆ ಕೊನೆಯ ಅಂಕಿ 00ರಿಂದ 24ರವರೆಗೆ ಓಡುತ್ತದೆ. ಅಮೆಜಾನ್‌ನ ಮೀಡಿಯಾಕನ್ವರ್ಟ್ ಸೇವೆಯಲ್ಲಿ ಇದನ್ನು ಹೊಂದಿಸುವ ಕ್ರಮ ಹೀಗಿದೆ.

1. ಕ್ಯಾಮೆರಾ ಏನು ಬರೆದಿದೆ ನೋಡಿ

ಕ್ಯಾಮೆರಾ ‘ಫ್ರೀ ರನ್’ನಲ್ಲಿದ್ದರೆ ರೆಕಾರ್ಡಿಂಗ್ ನಿಲ್ಲಿಸಿದರೂ ಟೈಮ್‌ಕೋಡ್ ಗಡಿಯಾರದಂತೆ ಓಡುತ್ತಿರುತ್ತದೆ. ‘ರೆಕ್ ರನ್’ನಲ್ಲಿ ರೆಕಾರ್ಡ್ ಆಗುವಾಗ ಮಾತ್ರ ಮುಂದೆ ಹೋಗುತ್ತದೆ. ಹಲವು ಕ್ಯಾಮೆರಾ ಇದ್ದಾಗ ಆಟಕ್ಕೆ ಮೊದಲೇ ಎಲ್ಲವನ್ನೂ ಒಂದೇ ಸಮಯಕ್ಕೆ ಹೊಂದಿಸಿ ಫ್ರೀ ರನ್‌ನಲ್ಲಿಡುವುದು ಲೇಸು. ಪ್ರತಿ ಫೈಲಿನ ಮೊದಲ ಟೈಮ್‌ಕೋಡ್ ಮತ್ತು ಫ್ರೇಮ್ ರೇಟ್ ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ.

2. ಇನ್‌ಪುಟ್‌ನ ಆಯ್ಕೆ

ಟೈಮ್‌ಕೋಡ್ ಸೋರ್ಸ್ ಎಂಬ ಆಯ್ಕೆ ಈ ಸೇವೆಯಲ್ಲಿ ಎರಡು ಕಡೆ ಇದೆ. ಗೊಂದಲವೆಲ್ಲ ಹುಟ್ಟುವುದು ಅಲ್ಲೇ. ಇನ್‌ಪುಟ್‌ನಲ್ಲಿರುವ ಆಯ್ಕೆ, ಫೈಲಿನೊಳಗಿನ ಒಂದು ಜಾಗವನ್ನು ಯಾವ ಲೆಕ್ಕದಲ್ಲಿ ಹುಡುಕಬೇಕು ಎಂದು ಹೇಳುತ್ತದೆ. ‘ಎಂಬೆಡೆಡ್’ ಎಂದರೆ ಕ್ಯಾಮೆರಾ ಬರೆದ ಲೆಕ್ಕ. ‘ಸ್ಟಾರ್ಟ್ ಅಟ್ ಝೀರೊ’ ಎಂದರೆ ಫೈಲಿನ ಮೊದಲ ಫ್ರೇಮೇ ಸೊನ್ನೆ. ‘ಸ್ಪೆಸಿಫೈಡ್ ಸ್ಟಾರ್ಟ್’ ಎಂದರೆ ನೀವು ಕೊಟ್ಟ ಅಂಕಿಯಿಂದ ಆರಂಭ.

ಒಂದು ಫೈಲು 21:30:00:00ಕ್ಕೆ ಶುರುವಾಗಿದೆ ಎನ್ನೋಣ. ರಾತ್ರಿ 11:50ರ ಒಡ್ಡೋಲಗವನ್ನಷ್ಟೇ ಕತ್ತರಿಸಿ ತೆಗೆಯಬೇಕು. ಎಂಬೆಡೆಡ್ ಆರಿಸಿದರೆ ಕ್ಲಿಪ್ಪಿನ ಆರಂಭ 23:50:00:00. ಸ್ಟಾರ್ಟ್ ಅಟ್ ಝೀರೊ ಆದರೆ ಅದೇ ಫ್ರೇಮು 02:20:00:00. ಒಂದು ಲೆಕ್ಕ ಆರಿಸಿ ಇನ್ನೊಂದರ ಅಂಕಿ ತುಂಬಿದರೆ ಒಡ್ಡೋಲಗ ಸಿಗುವುದಿಲ್ಲ.

ಮಧ್ಯರಾತ್ರಿ ದಾಟುವ ಫೈಲಿಗೆ ಇನ್ನೊಂದು ತೊಡಕು. 23:59:59:24 ಆದ ಮರುಫ್ರೇಮಿಗೇ ಟೈಮ್‌ಕೋಡ್ 00:00:00:00ಕ್ಕೆ ಮರಳುತ್ತದೆ. 11:55ರಿಂದ 12:10ರವರೆಗಿನ ಪ್ರಸಂಗ ಬೇಕೆಂದರೆ ಅಂತ್ಯದ ಅಂಕಿ ಆರಂಭಕ್ಕಿಂತ ಚಿಕ್ಕದಾಗಿಬಿಡುತ್ತದೆ. ಇಂಥ ಫೈಲಿಗೆ ಸೊನ್ನೆಯ ಲೆಕ್ಕವೇ ಸುರಕ್ಷಿತ: 02:25:00:00ರಿಂದ 02:40:00:00.

3. ಇಡೀ ಜಾಬ್‌ನ ಆಯ್ಕೆ

ಎರಡನೆಯ ಟೈಮ್‌ಕೋಡ್ ಸೋರ್ಸ್ ಜಾಬ್ ಸೆಟ್ಟಿಂಗ್ಸ್‌ನಲ್ಲಿದೆ. ಔಟ್‌ಪುಟ್ ಫೈಲಿನ ಟೈಮ್‌ಕೋಡ್ ಏನಿರಬೇಕೆಂದು ನಿರ್ಧರಿಸುವುದು ಇದು. ಎಡಿಟರ್‌ನ ಹಗುರ ಪ್ರತಿಗೆ ಎಂಬೆಡೆಡ್ ಇಡಿ. ಕೊನೆಯಲ್ಲಿ ಮೂಲ ಫೈಲಿಗೆ ಮರಳಿ ಜೋಡಿಸುವಾಗ ವಿಳಾಸ ತಾಳೆಯಾಗಬೇಕು. ಮೂಲದಲ್ಲಿ ಟೈಮ್‌ಕೋಡೇ ಇಲ್ಲದಿದ್ದರೆ ಸೇವೆ ತಾನಾಗಿ ಸೊನ್ನೆಯಿಂದ ಎಣಿಸುತ್ತದೆ. ಟಿವಿ ವಾಹಿನಿ ಕಾರ್ಯಕ್ರಮ ಇಂಥ ಅಂಕಿಯಿಂದಲೇ ಶುರುವಾಗಲಿ ಎಂದು ಕೇಳಿದ್ದರೆ ಸ್ಪೆಸಿಫೈಡ್ ಸ್ಟಾರ್ಟ್ ಆರಿಸಿ. ಬ್ರಿಟನ್ನಿನ ವಾಹಿನಿಗಳಲ್ಲಿ 10:00:00:00 ರೂಢಿ.

4. ಫೈಲಿನೊಳಗೆ ಸೇರಿಸಿ

ಸೋರ್ಸ್ ಆರಿಸಿದರಷ್ಟೇ ಸಾಲದು. ಎಚ್.264 ಅಥವಾ ಎಚ್.265 ಔಟ್‌ಪುಟ್‌ನಲ್ಲಿ ‘ಟೈಮ್‌ಕೋಡ್ ಇನ್ಸರ್ಷನ್’ ಆನ್ ಮಾಡಬೇಕು. ಇನ್‌ಪುಟ್, ಔಟ್‌ಪುಟ್ ಎರಡರ ಫ್ರೇಮ್ ರೇಟ್ ಒಂದೇ ಇದ್ದಾಗ ಮಾತ್ರ ಇದನ್ನು ಬಳಸಿ.

5. ನೋಡುವವರಿಗೆ ಕಾಣುವಂತೆ

ಮೇಳದವರಿಗೆ, ನಿರ್ದೇಶಕರಿಗೆ ಕಳಿಸುವ ಪ್ರತಿಗೆ ‘ಟೈಮ್‌ಕೋಡ್ ಬರ್ನ್-ಇನ್’ ಹಾಕಿದರೆ ಅಂಕಿ ಚಿತ್ರದ ಮೇಲೇ ಅಚ್ಚಾಗುತ್ತದೆ. ಆಗ ‘ಆ ಕುಣಿತದ ಹತ್ತಿರ ಸ್ವಲ್ಪ ಕತ್ತರಿಸಿ’ ಎನ್ನುವ ಬದಲು ನಿಖರ ಅಂಕಿಯನ್ನೇ ಹೇಳಬಹುದು. ಒಮ್ಮೆ ಅಚ್ಚಾದದ್ದನ್ನು ಅಳಿಸಲಾಗದು. ಬಿಡುಗಡೆಯ ಪ್ರತಿಯಲ್ಲಿ ಇದು ಆಫ್ ಇದೆಯೇ ನೋಡಿಕೊಳ್ಳಿ.

29.97ರ ಎಚ್ಚರ

ಒಂದು ಕ್ಯಾಮೆರಾ ಅಮೆರಿಕದ ಟಿವಿ ಪದ್ಧತಿಯಂತೆ 29.97 ಫ್ರೇಮಿಗೆ ಹೊಂದಿಸಿದ್ದಿರಬಹುದು. ಅದರ ಡ್ರಾಪ್ ಫ್ರೇಮ್ ಲೆಕ್ಕದಲ್ಲಿ ಪ್ರತಿ ನಿಮಿಷದ ಆರಂಭದ 00, 01 ಎಂಬ ಎರಡು ಸಂಖ್ಯೆಗಳನ್ನು ಹಾರಿಸುತ್ತಾರೆ, ಪ್ರತಿ ಹತ್ತನೆಯ ನಿಮಿಷ ಬಿಟ್ಟು. ಹಾರುವುದು ಸಂಖ್ಯೆ ಮಾತ್ರ, ಚಿತ್ರವಲ್ಲ. ಹಾಗೆ ಹಾರಿಸದಿದ್ದರೆ ಗಡಿಯಾರಕ್ಕೂ ಟೈಮ್‌ಕೋಡ್‌ಗೂ ಗಂಟೆಗೆ 3.6 ಸೆಕೆಂಡ್ ವ್ಯತ್ಯಾಸ ಬೀಳುತ್ತದೆ. ಈ ಲೆಕ್ಕದ ಟೈಮ್‌ಕೋಡ್‌ನಲ್ಲಿ ಫ್ರೇಮಿನ ಅಂಕಿಗೆ ಮುಂಚೆ ಅರ್ಧವಿರಾಮ ಚಿಹ್ನೆ ಇರುತ್ತದೆ.

ಮೊದಲು ಒಂದು ನಿಮಿಷ

ಸೇವೆಯ ಶುಲ್ಕ ಔಟ್‌ಪುಟ್‌ನ ನಿಮಿಷಗಳ ಲೆಕ್ಕದಲ್ಲಿ ಬೀಳುತ್ತದೆ. ಹಾಗಾಗಿ ಇಡೀ ರಾತ್ರಿಯ ಫೈಲುಗಳನ್ನು ಒಮ್ಮೆಲೇ ಕಳಿಸದೆ, ಪ್ರತಿ ಕ್ಯಾಮೆರಾದಿಂದ ಒಂದು ನಿಮಿಷದ ತುಣುಕನ್ನು ಬರ್ನ್-ಇನ್ ಸಹಿತ ಮಾಡಿ ನೋಡಿ. ಎಲ್ಲ ಕ್ಯಾಮೆರಾಗಳಿಗೂ ಕಂಡ ಒಂದೇ ಚೆಂಡೆಪೆಟ್ಟನ್ನು ಹುಡುಕಿ. ಕೋಲು ಚರ್ಮಕ್ಕೆ ತಾಗುವ ಫ್ರೇಮಿನಲ್ಲಿ ಮೂರೂ ಪ್ರತಿಗಳು ಒಂದೇ ಅಂಕಿ ತೋರಿಸಿದರೆ ಉಳಿದ ರಾತ್ರಿಯನ್ನು ಧೈರ್ಯವಾಗಿ ಕಳಿಸಬಹುದು.