ಊರಿನ ಜಾಗಕ್ಕೆ ಪವರ್ ಬರೆದುಕೊಡುವ ಮೊದಲು

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ತಾಲೂಕುಗಳ ಹಳೆಯ ಕುಟುಂಬಗಳ ಆರ್‌ಟಿಸಿಯಲ್ಲಿ ಒಂದೇ ಸರ್ವೆ ನಂಬರಿಗೆ ಹಲವು ಹೆಸರು ಇರುವುದು ಹೊಸತೇನಲ್ಲ. ಅಳಿಯಸಂತಾನದ ಕವರುಗಳಲ್ಲಂತೂ ಅಜ್ಜಿಯ ಕಾಲದಿಂದ ಪಾಲಾಗದೆ ಉಳಿದ ಜಾಗದ ಹಕ್ಕುದಾರರು ಇಂದು ಮುಂಬೈ, ದುಬೈ, ಮಸ್ಕತ್, ಬೆಂಗಳೂರು ಎಂದು ಚದುರಿಹೋಗಿದ್ದಾರೆ. ಪ್ಲಾಟಿಂಗ್ ಆಗಬೇಕು, ಸೊಸೈಟಿಯ ಸಾಲ ನವೀಕರಿಸಬೇಕು, ಬಿ.ಸಿ.ರೋಡ್–ಅಡ್ಡಹೊಳೆ ಅಥವಾ ಮಂಗಳೂರು–ಮೂಡುಬಿದಿರೆ–ಕಾರ್ಕಳ ಹೆದ್ದಾರಿ ಅಗಲೀಕರಣಕ್ಕೆ ಹೋದ ಜಾಗದ ಪರಿಹಾರ ಪಡೆಯಬೇಕು ಅಂದರೆ ಅವರೆಲ್ಲರ ಸಹಿ ಬೇಕು. ಎಲ್ಲರೂ ಒಂದೇ ದಿನ ರಜೆ ಹಾಕಿ ಊರಿಗೆ ಬರಲಾಗುವುದಿಲ್ಲ. ಆಗ ಊರಿನಲ್ಲಿರುವ ಅಣ್ಣನೋ ಸೋದರಮಾವನೋ ಫೋನ್ ಮಾಡಿ ಹೇಳುತ್ತಾರೆ: “ನನ್ನ ಹೆಸರಿಗೆ ಒಂದು ಪವರ್ ಮಾಡಿಕೊಟ್ಟುಬಿಡು.”

ಕೊಡುವುದರಲ್ಲಿ ತಪ್ಪಿಲ್ಲ. ಆದರೆ ಯಾವುದೋ ಹಳೆಯ ಮಾದರಿಯಿಂದ ಇಳಿಸಿದ ಪತ್ರದಲ್ಲಿ ಮಾರಾಟ, ಅಡವು, ದಾನ, ವ್ಯಾಜ್ಯ, ರಾಜಿ, ಹಣ ಪಡೆಯುವುದು ಎಂದು ಎಲ್ಲವೂ ಸಾಲಾಗಿ ಇರುತ್ತವೆ. ಪ್ಲಾಟಿಂಗ್ ಅರ್ಜಿಗೆ ಸಹಿ ಹಾಕಲು ಬೇಕಾದ ಅಧಿಕಾರದ ಜೊತೆಗೆ ಇಡೀ ತೋಟವನ್ನು ಮಾರುವ ಅಧಿಕಾರವೂ ಕೈದಾಟುತ್ತದೆ. ಬೇಕಾದ ಕೆಲಸಕ್ಕೆ ಬೇಕಾದಷ್ಟೇ ಅಧಿಕಾರ ಕೊಡಿ ಎಂಬುದೇ ಈ ಲೇಖನದ ಮುಖ್ಯ ಮಾತು.

ಪವರ್, ಅಂದರೆ ಅಧಿಕಾರ ಪತ್ರಗಳಿಗೆಂದೇ 1882ರ ಕಾಯ್ದೆಯೊಂದಿದೆ. ಅಧಿಕಾರ ಕೊಟ್ಟವರ ಮತ್ತು ಪಡೆದವರ (ಏಜೆಂಟರ) ಸಂಬಂಧವನ್ನು ನಿಯಂತ್ರಿಸುವುದು 1872ರ ಕರಾರು ಕಾಯ್ದೆ. ಪತ್ರದ ಮಿತಿಯೊಳಗೆ ಏಜೆಂಟರು ಹಾಕಿದ ಸಹಿ ನಿಮ್ಮದೇ ಸಹಿ. ಅದರ ಹೊಣೆಯೂ ನಿಮ್ಮದೇ. ಒಂದೇ ಕೆಲಸಕ್ಕೆ ಕೊಡುವುದು ವಿಶೇಷ ಅಧಿಕಾರ ಪತ್ರ, ಹಲವು ವ್ಯವಹಾರಗಳಿಗೆ ಕೊಡುವುದು ಸಾಮಾನ್ಯ ಅಧಿಕಾರ ಪತ್ರ, ಅಂದರೆ ಜಿಪಿಎ. ನ್ಯಾಯಾಲಯಗಳು ಇಂಥ ಪತ್ರವನ್ನು ಬಿಗಿಯಾಗಿ ಓದುತ್ತವೆ. “ನೋಡಿಕೊಳ್ಳುವುದು” ಎಂದಷ್ಟೇ ಬರೆದಿದ್ದರೆ ಅದರಲ್ಲಿ ಮಾರುವ ಅಧಿಕಾರ ಸೇರುವುದಿಲ್ಲ. ಹಾಗೆಯೇ, ನಿಮಗೆ ಮಾತ್ರ ಗೊತ್ತಿರುವ ಸಂಗತಿಗೆ ನಿಮ್ಮ ಪರವಾಗಿ ಏಜೆಂಟರು ಕೋರ್ಟಿನಲ್ಲಿ ಸಾಕ್ಷಿ ಹೇಳಲಾಗದು ಎಂದು ಸುಪ್ರೀಂ ಕೋರ್ಟ್ 2004ರಲ್ಲೇ ಹೇಳಿದೆ. ನಿಮ್ಮ ಪರವಾಗಿ ಅವರು ಮರಣಶಾಸನವನ್ನೂ ಬರೆಯಲಾಗದು.

ನಮ್ಮಲ್ಲಿ ಅತಿ ಹೆಚ್ಚು ಜನ ಸೋಲುವುದು ಇನ್ನೊಂದು ಕಡೆ. ಐದು ಸೆಂಟ್ಸೋ ಹತ್ತು ಸೆಂಟ್ಸೋ ಜಾಗಕ್ಕೆ ಪೂರ್ತಿ ಹಣ ಕೊಟ್ಟು, ಕ್ರಯಪತ್ರದ ಬದಲು ಒಂದು ಅಗ್ರಿಮೆಂಟ್, ಒಂದು ಜಿಪಿಎ ಹಿಡಿದುಕೊಂಡು ಮನೆ ಕಟ್ಟುತ್ತಾರೆ. ಜಿಪಿಎ ಮೂಲಕ ಸ್ಥಿರಾಸ್ತಿಯ ಒಡೆತನ ವರ್ಗವಾಗುವುದಿಲ್ಲ ಎಂದು 2011ರ ಅಕ್ಟೋಬರ್ 11ರಂದು ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿತು. ನಮ್ಮದೇ ರಾಜ್ಯದ ಪ್ರಕರಣವೊಂದರಲ್ಲಿ 2025ರ ಫೆಬ್ರವರಿ ತಿಂಗಳಿನಲ್ಲಿ ಅದೇ ಮಾತು ಮತ್ತೆ ಬಂತು. ಬೆಂಗಳೂರಿನ ಚುಂಚಘಟ್ಟದ ನಿವೇಶನಕ್ಕೆ 1986ರಲ್ಲಿ ಜಿಪಿಎ ಮತ್ತು ನೋಂದಣಿಯಾಗದ ಕರಾರು ಆಗಿದ್ದವು. ಮಾಲೀಕರು 1997ರಲ್ಲಿ ತೀರಿಕೊಂಡರು. ಮರುವರ್ಷ ಜಿಪಿಎ ಹಿಡಿದವರು ಅದೇ ಪತ್ರದ ಬಲದಿಂದ ತಮ್ಮ ಮಗನಿಗೆ ಕ್ರಯಪತ್ರ ಮಾಡಿಕೊಟ್ಟರು. ಮಾಲೀಕರ ಸಾವಿನೊಂದಿಗೆ ಜಿಪಿಎ ಮುಗಿದುಹೋಗಿತ್ತು, ಆಮೇಲಿನ ಕ್ರಯಪತ್ರಕ್ಕೆ ಬೆಲೆಯಿಲ್ಲ ಎಂದಿತು ಸುಪ್ರೀಂ ಕೋರ್ಟ್. ಹಣ ಕೊಟ್ಟ ಸುಮಾರು ನಾಲ್ಕು ದಶಕಗಳ ಬಳಿಕ ಬಂದ ತೀರ್ಪು ಇದು. ಪತ್ರದಲ್ಲಿ “ರದ್ದುಪಡಿಸಲಾಗದ” ಎಂದು ಬರೆದ ಮಾತ್ರಕ್ಕೆ ಅದು ಹಾಗಾಗುವುದಿಲ್ಲ ಎಂಬುದನ್ನೂ ಈ ತೀರ್ಪು ತೋರಿಸಿದೆ.

ಸಾವಿನಂತೆಯೇ ಬುದ್ಧಿಭ್ರಮಣೆಯಿಂದಲೂ ಅಧಿಕಾರ ಕೊನೆಯಾಗುತ್ತದೆ ಎನ್ನುತ್ತದೆ ಕರಾರು ಕಾಯ್ದೆಯ 201ನೇ ಕಲಂ. ಇದು ಬಹಳ ಮನೆಗಳಿಗೆ ಗೊತ್ತಿಲ್ಲ. ಅಮ್ಮನಿಗೆ ಮರೆವಿನ ಕಾಯಿಲೆ ಶುರುವಾದಾಗ “ಪವರ್ ಮಾಡಿಟ್ಟಿದ್ದೇವೆ, ಪರವಾಗಿಲ್ಲ” ಎಂದು ಮಕ್ಕಳು ಸಮಾಧಾನಪಟ್ಟುಕೊಳ್ಳುತ್ತಾರೆ. ಆದರೆ ಅಮ್ಮ ವ್ಯವಹಾರ ತಿಳಿಯುವ ಸ್ಥಿತಿ ಕಳೆದುಕೊಂಡ ಮೇಲೆ ಆ ಪತ್ರಕ್ಕೆ ಬಲವಿಲ್ಲ. ಕೆಲವು ದೇಶಗಳಲ್ಲಿರುವಂತೆ ಮನಸ್ಸು ಸೋತ ಮೇಲೂ ಬಾಳುವ ಅಧಿಕಾರ ಪತ್ರಕ್ಕೆ ನಮ್ಮ ಕಾನೂನಿನಲ್ಲಿ ವ್ಯವಸ್ಥೆಯಿಲ್ಲ. ಪಾಲಕರ ನೇಮಕಕ್ಕೆ ನ್ಯಾಯಾಲಯಕ್ಕೇ ಹೋಗಬೇಕು. ಹಾಗಾಗಿ ಹಿರಿಯರು ಗಟ್ಟಿಯಾಗಿರುವಾಗಲೇ ಮರಣಶಾಸನ, ಬ್ಯಾಂಕಿನ ನಾಮನಿರ್ದೇಶನ, ಜಂಟಿ ಖಾತೆ ಇವನ್ನೆಲ್ಲ ಸರಿಮಾಡಿಟ್ಟುಕೊಳ್ಳಬೇಕು. ಇನ್ನು ಬ್ಯಾಂಕಿಗೆ ನಡೆದು ಹೋಗಲಾಗದು ಎಂಬುದಷ್ಟೇ ಕಷ್ಟವಾದರೆ ಪವರ್ ಯಾಕೆ? 70 ದಾಟಿದವರಿಗೆ ಮನೆಬಾಗಿಲಲ್ಲೇ ಸೇವೆ ಕೊಡಬೇಕೆಂದು ರಿಸರ್ವ್ ಬ್ಯಾಂಕ್ 2017ರಲ್ಲೇ ವಾಣಿಜ್ಯ ಬ್ಯಾಂಕುಗಳಿಗೆ ಸೂಚಿಸಿದೆ. ಕೇಳಿ ಪಡೆಯಿರಿ.

ಪತ್ರ ಎಲ್ಲಿ ಮಾಡಿಸಬೇಕು? ಕಚೇರಿಗಳ ಓಡಾಟದಂಥ ಸಣ್ಣ ಕೆಲಸಕ್ಕೆ ನೋಟರಿಯ ಮುಂದೆ ಸಹಿ ಹಾಕಿದ ಪತ್ರ ಸಾಮಾನ್ಯವಾಗಿ ನಡೆಯುತ್ತದೆ. ನಿಮ್ಮ ಪರವಾಗಿ ದಸ್ತಾವೇಜನ್ನು ನೋಂದಣಿಗೆ ಹಾಜರುಪಡಿಸಲು ಮಾತ್ರ 1908ರ ನೋಂದಣಿ ಕಾಯ್ದೆಯ 33ನೇ ಕಲಂ ಪ್ರಕಾರ ನೀವು ವಾಸವಿರುವ ಕಡೆಯ ಉಪನೋಂದಣಾಧಿಕಾರಿಯ ಮುಂದೆ ಸಹಿ ಹಾಕಿ ದೃಢೀಕರಿಸಿದ ಪತ್ರ ಬೇಕು. ಹಾಸಿಗೆ ಹಿಡಿದವರು ಅಲ್ಲಿಗೆ ಹೋಗಬೇಕಾಗಿಲ್ಲ. ಅಧಿಕಾರಿ ಮನೆಗೇ ಬಂದು ವಿಚಾರಿಸಿ ದೃಢೀಕರಿಸಲು ಅದೇ ಕಲಂನಲ್ಲಿ ಅವಕಾಶವಿದೆ. ಅನಾರೋಗ್ಯದ ಹಿರಿಯರನ್ನು ಆಟೋದಲ್ಲಿ ಕೂರಿಸಿ ಎಳೆದಾಡುವ ಮೊದಲು ಕಚೇರಿಯಲ್ಲಿ ಇದನ್ನು ಕೇಳಿ ನೋಡಿ.

ಗಲ್ಫಿನಲ್ಲಿರುವವರು ಅಲ್ಲಿನ ಭಾರತೀಯ ರಾಯಭಾರ ಅಥವಾ ಕಾನ್ಸುಲೇಟ್ ಕಚೇರಿಯ ಅಧಿಕಾರಿಯ ಮುಂದೆ ಸಹಿ ಹಾಕಿ ದೃಢೀಕರಿಸಿಕೊಂಡು ಮೂಲಪ್ರತಿಯನ್ನು ಊರಿಗೆ ಕಳುಹಿಸಬೇಕು. ಅದು ರಾಜ್ಯಕ್ಕೆ ತಲುಪಿದ 3 ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಬೇಕು. ಈ ಗಡುವು ತಪ್ಪಿ ದಂಡ ಕಟ್ಟಿದವರು ಕಡಿಮೆಯಿಲ್ಲ. ಶುಲ್ಕ ಎಷ್ಟು ಎಂಬುದು ನೀವು ಯಾರಿಗೆ ಕೊಡುತ್ತೀರಿ ಎನ್ನುವುದರ ಮೇಲೆ ನಿಂತಿದೆ. ತಂದೆ, ತಾಯಿ, ಗಂಡ, ಹೆಂಡತಿ, ಮಕ್ಕಳು, ಒಡಹುಟ್ಟಿದವರಿಗೆ ಕೊಟ್ಟರೆ ಅಲ್ಪ ಮೊತ್ತ. ಇವರನ್ನು ಬಿಟ್ಟು ಬೇರೆಯವರಿಗೆ ಸ್ಥಿರಾಸ್ತಿ ಮಾರುವ ಅಧಿಕಾರ ಕೊಟ್ಟರೆ ಕ್ರಯಪತ್ರಕ್ಕೆ ಕಟ್ಟುವಷ್ಟೇ ಶುಲ್ಕ. ಸೋದರಮಾವ, ಅಳಿಯ, ಭಾವ ಈ ಪಟ್ಟಿಯಲ್ಲಿಲ್ಲ. ನಮ್ಮ ಕಡೆಯ ಕುಟುಂಬಗಳು ಇದನ್ನು ಮೊದಲೇ ತಿಳಿದಿರಬೇಕು. ಇನ್ನು ಬ್ಯಾಂಕಿನ ವಿಷಯ: ಅನಿವಾಸಿಗಳ ಎನ್‌ಆರ್‌ಇ ಖಾತೆಯ ಪವರ್ ಇದ್ದವರು ಸ್ಥಳೀಯ ಪಾವತಿ ಮಾಡಬಹುದು, ಆ ಹಣವನ್ನು ಊರಿನ ಯಾರಿಗೂ ಉಡುಗೊರೆಯಾಗಿ ಕೊಡುವಂತಿಲ್ಲ.

ಪತ್ರ ಬರೆಸುವಾಗ ಸರ್ವೆ ನಂಬರ್, ವಿಸ್ತೀರ್ಣ, ಮಾಡಬೇಕಾದ ಕೆಲಸ, ಕೊನೆಯ ದಿನಾಂಕ ಇಷ್ಟೂ ಇರಲಿ. ಮಾರಾಟಕ್ಕೇ ಕೊಡುವುದಾದರೆ ಕನಿಷ್ಠ ಬೆಲೆ ನಮೂದಿಸಿ, ಹಣ ನಿಮ್ಮ ಖಾತೆಗೇ ಬರಬೇಕೆಂದು ಬರೆಸಿ. ದಾನ ಕೊಡುವಂತಿಲ್ಲ, ಅಡವಿಡುವಂತಿಲ್ಲ, ತನ್ನ ಹೆಸರಿಗೇ ಬರೆದುಕೊಳ್ಳುವಂತಿಲ್ಲ ಎಂಬ ಸಾಲುಗಳು ಬೇಡದ ಸಂಶಯವೆಂದು ಯಾರಾದರೂ ಮುನಿಸಿಕೊಂಡರೆ ಮುನಿಸಿಕೊಳ್ಳಲಿ. ಲೆಕ್ಕ ಕೇಳುವ ಹಕ್ಕನ್ನು ಕರಾರು ಕಾಯ್ದೆಯ 213ನೇ ಕಲಂ ನಿಮಗೆ ಕೊಟ್ಟಿದೆ. ಕೇಳುವುದು ಅಪನಂಬಿಕೆಯಲ್ಲ.

ವಾಪಸು ಪಡೆಯಬೇಕೆನಿಸಿದರೆ ಆ ಆಸ್ತಿಯಲ್ಲಿ ಏಜೆಂಟರಿಗೆ ಸ್ವಂತ ಹಿತಾಸಕ್ತಿ ಇಲ್ಲದಿದ್ದಲ್ಲಿ ರದ್ದು ಮಾಡಬಹುದು. ರದ್ದತಿ ಪತ್ರವನ್ನೂ ನೋಂದಣಿ ಮಾಡಿಸಿ. ಅಲ್ಲಿಗೇ ನಿಂತರೆ ಸಾಲದು. ಜಿಪಿಎಗಳು ದಾಖಲಾಗುವುದು ನೋಂದಣಿ ಕಚೇರಿಯ 4ನೇ ಪುಸ್ತಕದಲ್ಲಿ. ಕೊಳ್ಳುವವರು ತೆಗೆಸುವ ಋಣಭಾರ ಪತ್ರ (ಇ.ಸಿ.) ಬರುವುದು 1ನೇ ಪುಸ್ತಕದಿಂದ. ನಿಮ್ಮ ರದ್ದತಿ ಅವರ ಕಣ್ಣಿಗೆ ಬೀಳುವುದೇ ಇಲ್ಲ. ತಿಳಿಯದೆ ವ್ಯವಹರಿಸಿದ ಮೂರನೆಯವರಿಗೆ ಕಾನೂನಿನ ರಕ್ಷಣೆಯೂ ಇದೆ. ಆದ್ದರಿಂದ ಏಜೆಂಟರಿಗೆ ಸ್ಪೀಡ್ ಪೋಸ್ಟ್‌ನಲ್ಲಿ ನೋಟಿಸು, ಉಪನೋಂದಣಿ ಕಚೇರಿ, ಬ್ಯಾಂಕ್ ಮತ್ತು ಸೊಸೈಟಿಗೆ ಪ್ರತಿ, ಊರಿನಲ್ಲಿ ಓದುವ ಪತ್ರಿಕೆಯಲ್ಲಿ ಪ್ರಕಟಣೆ, ಮೂಲಪ್ರತಿಯನ್ನು ಕೈಗೆ ಪಡೆಯುವುದು, ಇವಿಷ್ಟೂ ಆಗಬೇಕು.

ಮೋಸ ಆಗಿಹೋಗಿದ್ದರೆ ತಡಮಾಡಬೇಡಿ. ಪತ್ರ ರದ್ದುಪಡಿಸುವ ದಾವೆಯನ್ನು ವಿಷಯ ಗೊತ್ತಾದ 3 ವರ್ಷದೊಳಗೆ ಹೂಡಬೇಕು. ನಂಬಿಕೆ ದ್ರೋಹಕ್ಕೆ ಭಾರತೀಯ ನ್ಯಾಯ ಸಂಹಿತೆಯ 316ನೇ ಕಲಂ ಅಡಿ ಪೊಲೀಸರಿಗೆ ದೂರು ಕೊಡಬಹುದು. ನೋಡಿಕೊಳ್ಳುವ ಷರತ್ತಿನ ಮೇಲೆ ಆಸ್ತಿ ಬರೆಸಿಕೊಂಡು ಕೈಬಿಟ್ಟ ಮಕ್ಕಳ ವಿರುದ್ಧ 2007ರ ಹಿರಿಯ ನಾಗರಿಕರ ಕಾಯ್ದೆಯಡಿ ಸಹಾಯಕ ಆಯುಕ್ತರ ನ್ಯಾಯಮಂಡಳಿಗೆ ಹೋಗಬಹುದು. ಬಂಟ್ವಾಳ, ಮೂಡುಬಿದಿರೆಯವರಿಗೆ ಅದು ಮಂಗಳೂರಿನಲ್ಲಿ, ಬೆಳ್ತಂಗಡಿಯವರಿಗೆ ಪುತ್ತೂರಿನಲ್ಲಿ. ವಕೀಲರ ಫೀಸಿಗೆ ಹೆದರಿ ಸುಮ್ಮನಿರಬೇಡಿ. ಮೂರೂ ತಾಲೂಕುಗಳ ನ್ಯಾಯಾಲಯಗಳಲ್ಲಿ ತಾಲೂಕು ಕಾನೂನು ಸೇವೆಗಳ ಸಮಿತಿಗಳಿವೆ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಅಂಗವಿಕಲರಿಗೆ ಆದಾಯ ಎಷ್ಟೇ ಇರಲಿ, ಅಲ್ಲಿ ವಕೀಲರ ನೆರವು ಉಚಿತ. ಮನೆಯಿಂದಲೇ ವಿಚಾರಿಸಲು 15100ಕ್ಕೆ ಕರೆ ಮಾಡಿ.