ಕಪ್ಪು ಕೋಟು ತೊಡುವ ಮುನ್ನ

ವಕೀಲರಾಗುವ ಆಸೆಯಿದೆಯೇ? ದಾರಿ ಎರಡು: ಪಿಯುಸಿ ಮುಗಿದೊಡನೆ 5 ವರ್ಷದ ಕೋರ್ಸ್, ಇಲ್ಲವೇ ಪದವಿಯ ನಂತರ 3 ವರ್ಷದ ಎಲ್‌ಎಲ್‌ಬಿ. ಈಗಲೇ ಮನಸ್ಸು ಗಟ್ಟಿಯಿದ್ದರೆ ಮೊದಲನೆಯದು ಸರಿ. ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲಿನಲ್ಲಿ ಈ ಕೋರ್ಸ್ ಸೇರಲು ಕ್ಲ್ಯಾಟ್ ಪ್ರವೇಶ ಪರೀಕ್ಷೆ ಬರೆಯಬೇಕು. ಅನುಮಾನವಿದ್ದರೆ ಇಷ್ಟದ ಪದವಿ ಮುಗಿಸಿಯೇ ಬನ್ನಿ, ತಡವಾಯಿತೆಂಬ ಅಂಜಿಕೆ ಬೇಡ.

ಕೆಲಸದಲ್ಲಿರುವವರು ನೆನಪಿಡಿ: ಅಂಚೆ ಶಿಕ್ಷಣದ ಕಾನೂನು ಪದವಿಯಿಂದ ವಕೀಲಿ ಮಾಡಲಾಗದು, ತರಗತಿಗೆ ಹಾಜರಾಗಲೇಬೇಕು. ಶುಲ್ಕ ಕಟ್ಟುವ ಮುಂಚೆ ಕಾಲೇಜಿಗೆ ಭಾರತೀಯ ವಕೀಲರ ಪರಿಷತ್ತಿನ ಮಾನ್ಯತೆ ಇದೆಯೇ ವಿಚಾರಿಸಿ. ಪದವಿಯೊಂದೇ ಸಾಲದು, ಸನ್ನದು ಬೇಕು, ಅಖಿಲ ಭಾರತ ವಕೀಲರ ಪರೀಕ್ಷೆಯೂ ಪಾಸಾಗಬೇಕು.

ಎಲ್ಲಕ್ಕೂ ಮೊದಲು ನಿಮ್ಮೂರ ಕೋರ್ಟಿನಲ್ಲಿ ಕೆಲವು ದಿನ ಕುಳಿತು ಕಲಾಪ ನೋಡಿ. ವಾಯಿದೆಗಳ ನಡುವೆಯೂ ಕಕ್ಷಿದಾರರ ಕಷ್ಟ ನಿಮ್ಮನ್ನು ಹಿಡಿದು ನಿಲ್ಲಿಸಿದರೆ, ಧೈರ್ಯವಾಗಿ ಅರ್ಜಿ ಹಾಕಿ.